ಮಗ್ಗಲ ಹೊಲ

ಹೋದ ವರ್ಷ ಯುಗಾದಿ ಮುಗಿದು ಎಂಟು ದಿನ ಆಗಿರಬೇಕು, ಊರಿಂದ ಕಾಕಾನ ಫೋನು ಬಂತು. ನಮ್ಮ ಕಾಕಾ ಫೋನಿನಲ್ಲಿ ಉಂಡ್ಯಾ, ಆರಾಮದಿಯಾ ಅಂತ ಕೇಳುವವನಲ್ಲ. “ತಮ್ಮಾ, ಒಂದು ಇಂಗ್ಲಿಷ್ ಅಕ್ಷರ ನಮ್ಮ ಹೊಲ ತಿನ್ನಾಕ ಹತ್ತೈತಿ. ನೀ ಮೂವತ್ತು ವರ್ಷ ಅದನ್ನ ಕಲಿಸಿ ಪಗಾರ ತಗೊಂಡಾಂವ. ಬಂದು ಬಿಡಿಸಿ ಹೋಗು” ಅಂದವನೇ ಇಟ್ಟುಬಿಟ್ಟ.

ಮರುದಿನ ಕುಷ್ಟಗಿಯಲ್ಲಿ ಬಸ್ಸು ಹತ್ತಿದೆ. ಮೂರು ಮಂದಿಯ ಸೀಟಿನಲ್ಲಿ ನಾವು ಮೂವರು ಸರಿಯಾಗಿಯೇ ಕೂತಿದ್ದೆವು. ಮುಂದಿನ ಸ್ಟಾಪಿನಲ್ಲಿ ಒಬ್ಬಾಕೆ ಹಿರಿಯಳು, ಕಂಕುಳಲ್ಲಿ ಒಂದು ಬುಟ್ಟಿ, ಕೈಯಲ್ಲಿ ಮೊಮ್ಮಗ, ಬಂದು ನಿಂತು “ಸ್ವಲ್ಪ ಅಡ್ಜಸ್ಟ್ ಮಾಡ್ರೀ” ಅಂದಳು. ಆಕೆಗೆ ಇಂಗ್ಲಿಷಿನ ಬೇರೊಂದು ಶಬ್ದವೂ ಬರಲಿಕ್ಕಿಲ್ಲ. ಆದರೆ ಈ ಒಂದನ್ನು ಆಕೆ ಬಳಸಿದಷ್ಟು ಶುದ್ಧವಾಗಿ ಲಂಡನ್ನಿನವರೂ ಬಳಸುವುದಿಲ್ಲ. ಯಾಕೆಂದರೆ ಅಡ್ಜಸ್ಟ್ ಎನ್ನುವುದು ಹಳೆಯ ಫ್ರೆಂಚಿನ ದಾರಿಯಲ್ಲಿ ಲ್ಯಾಟಿನ್‌ನಿಂದ ಬಂದ ಮಾತು. ಮೂಲದಲ್ಲಿ ‘ಅಡ್’ ಅಂದರೆ ಕಡೆಗೆ, ‘ಯುಕ್ಸ್‌ತ’ ಅಂದರೆ ಪಕ್ಕದಲ್ಲಿ. ಪಕ್ಕಕ್ಕೆ ತಂದುಕೊಳ್ಳುವುದೇ ಅಡ್ಜಸ್ಟ್. ಆ ಯುಕ್ಸ್‌ತ ನಮ್ಮ ಯುಕ್ತ, ಯೋಗಗಳಿಗೆ ದೂರದ ಬಳಗ. ಮುದುಕಿ ನಮ್ಮ ಪಕ್ಕಕ್ಕೆ ಬಂದಳು, ಮೊಮ್ಮಗ ನನ್ನ ತೊಡೆಗೆ ಬಂದ, ಬುಟ್ಟಿ ನನ್ನ ಪಾದದ ಮೇಲೆ ಬಂತು. ಯೋಗವೇ ಸರಿ.

ಕಾಕಾನ ಕಟ್ಟೆಯ ಮೇಲೆ ಕಾಗದ ಹರವಿತ್ತು. ಯಲಬುರ್ಗಾ, ಕುಷ್ಟಗಿ ಕಡೆಯ ಎರೆಹೊಲಗಳ ನಡುವೆ ಗಾಳಿಗಿರಣಿಗಳು ಎದ್ದದ್ದು ಈಗ ಹಳೆಯ ಮಾತು. ಇತ್ತೀಚೆಗೆ ಸೋಲಾರಿನವರು ಬರುತ್ತಾರೆ. ಕಾಕಾ ಅವರನ್ನು ಬಿಸಲ ಕಂಪನಿ ಅನ್ನುತ್ತಾನೆ. “ಬಿಸಲ ಕೊಯ್ಕೊಂಡು ಹೋಗ್ತಾರಂತ, ಬಿತ್ತೂದಿಲ್ಲ, ಕಳೆ ತಗ್ಯೂದಿಲ್ಲ” ಅಂತ ನಗುತ್ತಾನೆ. ಹೊಲ ಲೀಸಿಗೆ ಕೊಟ್ಟರೆ ಎಕರೆಗೆ ವರ್ಷಕ್ಕೆ ಇಷ್ಟು ಎಂದು ಮಾತಾಗಿತ್ತು. ಕಾಕಾನವು ಎರಡು ತುಂಡು, ಒಂದು ಒಂಬತ್ತು ಎಕರೆ, ಇನ್ನೊಂದು ನಾಲ್ಕು ಎಕರೆ ಚಿಲ್ಲರೆ. ನಡುವೆ ಒಂದು ಬಂಡಿದಾರಿ. ಎತ್ತಿನ ಗಾಲಿ ಕೊರೆದ ಎರಡು ಹಳಿ, ನಡುವೆ ಗರಿಕೆಯ ಹುರಿ. ಈಗ ಹಳಿಗಳ ಮೇಲೆ ಟ್ರ್ಯಾಕ್ಟರಿನ ಹಲ್ಲಿನ ಗುರುತು. ಕಂಪನಿಯ ಹುಡುಗ ಮೊಬೈಲಿನಲ್ಲಿ ಮೇಲಿನಿಂದ ತೆಗೆದ ಚಿತ್ರ ಹಿಗ್ಗಿಸಿ ಆ ದಾರಿ ತೋರಿಸಿ ಹೇಳಿದನಂತೆ: “ಯಜಮಾನ್ರ, ನಿಮ್ಮ ಹೊಲ ಅಡ್ಜೇಸೆಂಟ್ ಅದಾವು. ಖರೆ, ಆದ್ರ ಕಂಟಿಗ್ಯುವಸ್ ಇಲ್ಲ. ನಮಗ ಕಂಟಿಗ್ಯುವಸ್ ಬೇಕು.”

“ಅದೇನು ಕಂಟಿ? ನಮ್ಮ ಹೊಲದಾಗ ಜಾಲಿಕಂಟಿ ಸೈತ ಇಲ್ಲ” ಅಂದ ಕಾಕಾ.

ಮೇಷ್ಟ್ರಾಗಿದ್ದವನಿಗೆ ಇಂಥ ಪ್ರಶ್ನೆ ಸಿಕ್ಕರೆ ನಿವೃತ್ತಿ ಮರೆತುಹೋಗುತ್ತದೆ. ಸೀಮೆಸುಣ್ಣ ಇರಲಿಲ್ಲ, ಕಟ್ಟೆಯ ಮೇಲಿನ ಧೂಳಿನಲ್ಲೇ ಬೆರಳಿಂದ ಎರಡು ಡಬ್ಬಿ ಬರೆದೆ. ಅಡ್ಜೇಸೆಂಟ್ ಅಂದರೆ ಮಗ್ಗಲಲ್ಲಿದೆ. ಮುಟ್ಟಿರಬಹುದು, ಮುಟ್ಟದೆಯೂ ಇರಬಹುದು. ಕಂಟಿಗ್ಯುವಸ್ ಅಂದರೆ ಮುಟ್ಟಿರಲೇಬೇಕು. ಮೊದಲನೆಯದು ಲ್ಯಾಟಿನ್‌ನ ‘ಯಾಕೇರೆ’ ಎಂಬ ಕ್ರಿಯಾಪದದಿಂದ ಹುಟ್ಟಿದ್ದು. ಅದರರ್ಥ ಬಿದ್ದುಕೊಂಡಿರು, ಒರಗಿರು. ಎರಡನೆಯದು ‘ತಾಂಗೆರೆ’ಯಿಂದ, ಮುಟ್ಟು ಎಂದರ್ಥ. ಒಂದು ಹೊಲ ಇನ್ನೊಂದರ ಮಗ್ಗಲಿಗೆ ಮಲಗಿದೆ ಎನ್ನುವುದು ಅಡ್ಜೇಸೆಂಟ್. ಮಲಗಿದ್ದು ಮೈಗೆ ಮೈ ತಾಕಿದೆ ಎನ್ನುವುದು ಕಂಟಿಗ್ಯುವಸ್.

ಕಾಕಾ ಸ್ವಲ್ಪ ಹೊತ್ತು ಧೂಳಿನ ಡಬ್ಬಿ ನೋಡಿದ. “ದಾರಿ ಕೆಳಗ ಮಣ್ಣು ಒಂದ ಐತಲ್ಲೋ” ಅಂದ.

ಇದಕ್ಕೆ ಯಾವ ನಿಘಂಟಿನಲ್ಲೂ ಉತ್ತರ ಇಲ್ಲ. ನಾನು ಚಹಾ ಕುಡಿದೆ.

ರಾತ್ರಿ ಮಾಳಿಗೆಯ ಮೇಲೆ ಹಾಸಿಕೊಂಡು ಬಿದ್ದಾಗ ಆ ಯಾಕೇರೆ ತಲೆಯಲ್ಲಿ ಸುತ್ತತೊಡಗಿತು. ಲ್ಯಾಟಿನ್‌ನಲ್ಲಿ ಅದಕ್ಕೊಂದು ಜೋಡಿ ಇದೆ. ಬರೆಯುವಾಗ ಎರಡೂ ಒಂದೇ ಥರ ಕಾಣುತ್ತವೆ, ಹೇಳುವಾಗ ಒಂದು ಸ್ವರ ಹ್ರಸ್ವ, ಒಂದು ದೀರ್ಘ. ಹ್ರಸ್ವದ ‘ಯಾಕೆರೆ’ ಅಂದರೆ ಒಗೆ, ಎಸೆ. ದೀರ್ಘದ್ದು ಅಂದರೆ ಒಗೆದದ್ದು ಬಿದ್ದುಕೊಂಡಿರುವುದು. ಒಗೆಯುವ ಯಾಕೆರೆಯಿಂದ ಇಂಗ್ಲಿಷಿನಲ್ಲಿ ಒಂದು ಸಂತೆಯೇ ನೆರೆದಿದೆ: ಪ್ರಾಜೆಕ್ಟ್, ರಿಜೆಕ್ಟ್, ಸಬ್ಜೆಕ್ಟ್, ಆಬ್ಜೆಕ್ಟ್, ಇಂಜೆಕ್ಷನ್. ನಾನು ಮೂವತ್ತು ವರ್ಷ ಹಲಗೆಯ ಮೇಲೆ ಬರೆದ ಅಡ್ಜೆಕ್ಟಿವ್ ಕೂಡ ಆ ಸಂತೆಯದೇ, ನಾಮಪದದ ಹತ್ತಿರಕ್ಕೆ ಒಗೆದದ್ದು ಎಂಬ ಅರ್ಥ. ಹಾಗಾಗಿ ‘ಅಡ್ಜೇಸೆಂಟ್ ಒಂದು ಅಡ್ಜೆಕ್ಟಿವ್’ ಎಂದು ನಾನು ಹೇಳಿಕೊಟ್ಟಾಗಲೆಲ್ಲ ಅಕ್ಕತಂಗಿಯರನ್ನೇ ಒಬ್ಬರಿಗೊಬ್ಬರು ಗುರುತು ಮಾಡಿಕೊಟ್ಟಂತಾಗಿತ್ತು. ಅವರು ಒಳಗೊಳಗೇ ನಕ್ಕಿರಬೇಕು.

ಒಗೆದದ್ದು, ಬಿದ್ದದ್ದು. ನಮ್ಮ ಮಂದಿ ಹೊಲದ ಬಗ್ಗೆ ಹೇಳುವುದೂ ಹೀಗೇ ಅಲ್ಲವೇ? “ನಿಮ್ಮ ಹೊಲ ಎಲ್ಲಿ ಬೀಳತೈತ್ರೀ?” “ಹಳ್ಳದ ಆಚಿ ಕಡೆ ಬೀಳತೈತಿ.” “ಊರಿಂದ ದೂರ ಬೀಳತೈತೇನು?” ಯಾರೋ ಮೇಲಿನಿಂದ ಹೊಲಗಳನ್ನು ಒಗೆದು ಹೋದ ಹಾಗೆ, ಅವು ಬಿದ್ದಲ್ಲಿ ಬಿದ್ದಿರುವ ಹಾಗೆ. ರೋಮಿನ ರೈತನಿಗೂ ಯಲಬುರ್ಗಾದ ರೈತನಿಗೂ ನೆಲ ಕಂಡದ್ದು ಒಂದೇ ರೀತಿ.

ಅದೇ ರಾತ್ರಿ ಮಗ್ಗಲು ಬದಲಿಸುವಾಗ ಮತ್ತೊಂದು ಹೊಳೆಯಿತು. ಮಗ್ಗಲು ಎನ್ನುವುದೇ ಮಲಗುವವನ ಮಾತು. ಮೈಯ ಒಂದು ಬದಿ ಅದು. ಮಗ್ಗಲ ಮನಿ, ಮಗ್ಗಲ ಹೊಲ, ಮಗ್ಗಲ ಊರು. ಹಾಗಾದರೆ ಅಡ್ಜೇಸೆಂಟ್‌ಗೆ ಇದಕ್ಕಿಂತ ಒಪ್ಪುವ ಕನ್ನಡ ಎಲ್ಲಿ ಸಿಕ್ಕೀತು? ಸರಕಾರಿ ಕಾಗದದಲ್ಲಿ ‘ಪಾರ್ಶ್ವಸ್ಥ’, ‘ಸನ್ನಿಹಿತ’ ಅಂತೆಲ್ಲ ಬರೆಯುತ್ತಾರೆ. ಅವು ಸ್ನಾನ ಮಾಡಿ ಮಡಿಯುಟ್ಟು ನಿಂತ ಮಾತುಗಳು, ಮಲಗಲು ಬಾರದವು. ಇನ್ನು ಉಳಿದವನ್ನೂ ನೋಡಿ: ಪಕ್ಕ ಬಂದದ್ದು ಸಂಸ್ಕೃತದ ಪಕ್ಷದಿಂದ, ಹಕ್ಕಿಯ ರೆಕ್ಕೆ. ಬಾಜು ಪಾರಸಿಯ ತೋಳು. ಬಗಲು ಪಾರಸಿಯ ಕಂಕುಳ. ನಮಗೆ ನೆರೆಮನೆ ಎಂದರೆ ರೆಕ್ಕೆ, ತೋಳು, ಕಂಕುಳ, ಪಕ್ಕೆಲುಬು. ಊರೆಲ್ಲ ಸೇರಿ ಒಂದೇ ಮೈ. ಕೂಸನ್ನು ಬಗಲಲ್ಲಿಟ್ಟುಕೊಂಡು ಊರೆಲ್ಲ ಹುಡುಕಿದಳು ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ.

ಕಂಟಿಗ್ಯುವಸ್‌ಗೆ ನಮ್ಮಲ್ಲಿ ಏನಿದೆ ಎಂದು ಹುಡುಕಬೇಕಾಗಲಿಲ್ಲ, ಕಾಕಾ ಫೋನಿನಲ್ಲೇ ಹೇಳಿಬಿಟ್ಟಿದ್ದ. ‘ಹತ್ತೈತಿ.’ ಹಳಗನ್ನಡದ ಪತ್ತು, ಅಂಟು, ತಗಲು ಎಂದು ಅರ್ಥ. ಅದರಿಂದಲೇ ಹತ್ತಿರ. ‘ಅವರ ಹೊಲಕ್ಕ ಹತ್ತಿ ನಮ್ಮ ಹೊಲ’ ಅಂದರೆ ನಡುವೆ ಹುಲ್ಲುಕಡ್ಡಿಯ ಸಂದೂ ಇಲ್ಲ. ಈ ಒಂದು ಮಾತು ನಮ್ಮ ಕಡೆ ಮಾಡುವ ಕೆಲಸ ನೋಡಿದರೆ ಅದಕ್ಕೆ ಎರಡು ಪಗಾರ ಕೊಡಬೇಕು. ಬೆಂಕಿ ಹತ್ತುತ್ತದೆ, ನಿದ್ದೆ ಹತ್ತುತ್ತದೆ, ಬಸ್ಸು ಹತ್ತುತ್ತೇವೆ, ಉಂಡದ್ದು ಮೈಗೆ ಹತ್ತುತ್ತದೆ, ಇಂಗ್ಲಿಷು ತಲೆಗೆ ಹತ್ತುವುದಿಲ್ಲ. ಬೆಂಗಳೂರಿನವರು ‘ಮಳೆ ಬರ್ತಾ ಇದೆ’ ಅಂದರೆ ನಾವು ‘ಮಳಿ ಬರಾಕ ಹತ್ತೈತಿ’ ಅನ್ನುತ್ತೇವೆ. ಅವರ ಮಳೆ ಬರುತ್ತಾ ‘ಇರುತ್ತದೆ’. ನಮ್ಮದು ಬರುವುದಕ್ಕೆ ‘ಅಂಟಿಕೊಳ್ಳುತ್ತದೆ’. ಬರುವುದೇ ಅಪರೂಪವಾದ್ದರಿಂದ ಬಂದಾಗ ಹಿಡಿದುಕೊಳ್ಳುವುದು ಸಹಜ.

ಆದರೆ ಮುಟ್ಟುವುದಕ್ಕೆ ಇನ್ನೊಂದು ಮುಖ ಇದೆ. ಕಂಟಿಗ್ಯುವಸ್ ಹುಟ್ಟಿದ ತಾಂಗೆರೆಯ ಹೊಟ್ಟೆಯಲ್ಲೇ ಕಂಟೇಜಿಯನ್ ಕೂಡ ಹುಟ್ಟಿದೆ, ಅಂಟುರೋಗ. ನಮ್ಮಲ್ಲೂ ಅದೇ ಸಂಸಾರ. ಸೋಂಕು ಎಂದರೆ ಹಳಬರಿಗೆ ತಾಕುವುದು, ಸ್ಪರ್ಶ. ಗಾಳಿ ಸೋಂಕಿತು ಅನ್ನುತ್ತಿದ್ದರು. ಕೊರೊನಾ ಬಂದ ಮೇಲೆ ಅದು ಒಂದೇ ಅರ್ಥಕ್ಕೆ ಕುಗ್ಗಿ ‘ಸೋಂಕಿತ’ನಾಗಿ ಆಸ್ಪತ್ರೆ ಸೇರಿತು. ಅಂಟಿಕೊಂಡ ಮನೆ, ಅಂಟುಜಾಡ್ಯ. ಮುಟ್ಟು ಎನ್ನುವುದನ್ನಂತೂ ನಾವು ಕೆಡಿಸಿದಷ್ಟು ರೋಮನ್ನರು ಕೆಡಿಸಲಿಲ್ಲ.

ನಮ್ಮ ಕುಷ್ಟಗಿ ತಾಲೂಕಿನ ಮಿಯಾಪುರದಲ್ಲಿ 2021ರ ಸೆಪ್ಟೆಂಬರಿನಲ್ಲಿ ನಡೆದದ್ದು ದೇಶವೆಲ್ಲ ಓದಿದೆ. ದಲಿತರ ಕೂಸು, ಎರಡು ವರ್ಷದ್ದು, ಅದರ ಹುಟ್ಟುಹಬ್ಬ. ಮನೆಯ ಮುಂದೆಯೇ ಹನುಮಪ್ಪನ ಗುಡಿ. ತಂದೆ ಹೊರಗೆ ನಿಂತು ಕೈಮುಗಿಯುವಾಗ ತುಂತುರು ಹನಿಯಿತು, ಕೂಸು ಒಳಗೆ ಓಡಿತು. ಗುಡಿ ಶುದ್ಧಿಗೆ ಹಣ ಕೊಡಬೇಕೆಂದು ಹಿರಿಯರೆನಿಸಿಕೊಂಡವರು ತಾಕೀತು ಮಾಡಿದರು. ಆಮೇಲೆ ಪೊಲೀಸರು ಬಂದರು, ಬಂಧನಗಳಾದವು. ಆ ಮನೆಗೂ ಗುಡಿಗೂ ನಡುವಿನ ಸಂಬಂಧ ಹೇಳು ಎಂದರೆ ನನ್ನ ವ್ಯಾಕರಣದಲ್ಲಿ ಅದು ಅಡ್ಜೇಸೆಂಟ್. ಎಷ್ಟು ತಲೆಮಾರಿನಿಂದ ಮಗ್ಗಲಲ್ಲೇ ಬಿದ್ದಿವೆಯೋ. ಎರಡು ವರ್ಷದ ಕಾಲು ಅದನ್ನು ಒಂದು ಕ್ಷಣ ಕಂಟಿಗ್ಯುವಸ್ ಮಾಡಿತು, ಅಷ್ಟೇ. ಇಂಗ್ಲಿಷಿನವರು ಎರಡು ಶಬ್ದ ಯಾಕಿಟ್ಟುಕೊಂಡರೋ. ನಮಗೆ ಮಾತ್ರ ಎರಡೂ ಬೇಕಾಗಿ ಬಂದದ್ದು ಹೀಗೆ.

ಬೆಳಗ್ಗೆ ಕಾಕಾ ಟ್ರಂಕು ತೆಗೆದ. ನುಸಿಗುಳಿಗೆಯ ವಾಸನೆ, ಅಜ್ಜನ ರುಮಾಲು, ಕೆಂಪು ಬಟ್ಟೆಯ ಗಂಟು. ಗಂಟಿನಲ್ಲಿ ಹೊಲದ ಕಾಗದಗಳು. ಮೇಲಿದ್ದುದು 1963ರ ಖರೀದಿ ಪತ್ರ, ನಾಲ್ಕು ಎಕರೆಯದು. ನನಗೆ ಮೊದಲಿನಿಂದಲೂ ಈ ಪತ್ರಗಳಲ್ಲಿ ಇಷ್ಟವಾಗುವುದು ಚಕ್ಕುಬಂದಿ. ಇದೂ ಪಾರಸಿಯಿಂದ ಬಂದ ಮಾತು. ಪೂರ್ವಕ್ಕೆ ಇಂಥವರ ಜಮೀನು, ಪಶ್ಚಿಮಕ್ಕೆ ಹಳ್ಳ, ಉತ್ತರಕ್ಕೆ ಇಂಥವರದು, ದಕ್ಷಿಣಕ್ಕೆ ಇದೇ ನಂಬರಿನ ಉಳಿದ ಭಾಗ. ಹೊಲ ಯಾವುದು ಎಂದು ಹೇಳಲು ಅದು ಹೊಲದ ಬಗ್ಗೆ ಒಂದು ಮಾತೂ ಆಡುವುದಿಲ್ಲ, ಸುತ್ತ ಯಾರಿದ್ದಾರೆಂದು ಹೇಳುತ್ತದೆ. ಬರೆದ ಎಕರೆ ಗುಂಟೆಗೂ ಚಕ್ಕುಬಂದಿಗೂ ತಾಳೆಯಾಗದಿದ್ದರೆ ಸಾಮಾನ್ಯವಾಗಿ ಚಕ್ಕುಬಂದಿಯೇ ಮೇಲು ಎನ್ನುವುದು ನ್ಯಾಯಾಲಯಗಳ ರೂಢಿ. ಮೋಜಣಿಯವರ ಮೂವತ್ತಮೂರು ಅಡಿಯ ಸರಪಳಿ ತಪ್ಪೀತು, ನೆರೆಯವನು ತಪ್ಪಲಾರ.

ಉತ್ತರಕ್ಕೆ ಬರೆದ ಹೆಸರಿನ ಮೇಲೆ ಕಾಕಾ ಬೆರಳಿಟ್ಟ. “ಈತ ಸತ್ತು ನಲವತ್ತು ವರ್ಷ ಆತು. ಕಾಗದದಾಗ ಇನ್ನೂ ಉತ್ತರಕ್ಕ ಅದಾನ ನೋಡು.” ಆತನ ಮೊಮ್ಮಗನಿಗೂ ಕಾಕಾನಿಗೂ ಬದುವಿನ ತಕರಾರು. ಎಷ್ಟು ನೆಲಕ್ಕೆ ಅಂತೀರಿ? ನೇಗಿಲ ಎರಡು ಸಾಲಿನಷ್ಟು. ಒಂದು ವರ್ಷ ಇವನ ಕೂಲಿಯಾಳು ಬದು ಕೆತ್ತಿ ಒಂದು ಗೇಣು ಆಚೆ ಸರಿಸಿದ, ಮರುವರ್ಷ ಅವನ ಟ್ರ್ಯಾಕ್ಟರಿನವ ಎರಡು ಗೇಣು ಈಚೆ. ಕೋರ್ಟಿನಲ್ಲಿ ಹನ್ನೊಂದು ವರ್ಷದಿಂದ ನಡೆದಿದೆ. ಇಬ್ಬರೂ ತಾರೀಖಿಗೆ ಒಂದೇ ಬಸ್ಸಿನಲ್ಲಿ ಹೋಗುತ್ತಾರೆ, ಬೇರೆ ಬಸ್ಸಿಲ್ಲ. ಕೆಲವೊಮ್ಮೆ ಒಂದೇ ಸೀಟು.

ನಮ್ಮ ಜಿಲ್ಲೆಯ ಹೆಸರೇ ಒಂದು ಚಕ್ಕುಬಂದಿಯಲ್ಲಿ ಬರುತ್ತದೆ ಎನ್ನುವುದನ್ನು ಇಲ್ಲಿ ಹೇಳದೆ ಇರಲಾರೆ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗದವನು ಕನ್ನಡದ ತಿರುಳು ಎಲ್ಲಿದೆ ಎಂದು ಹೇಳಬೇಕಾದಾಗ ತಿರುಳಿನ ಲಕ್ಷಣ ಪಟ್ಟಿ ಮಾಡುವುದಿಲ್ಲ, ನಾಲ್ಕು ಊರು ಹೇಳುತ್ತಾನೆ: ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ. ಈ ನಾಲ್ಕರ ನಡುವಿನದು. ಕೊಪಣ ನಮ್ಮ ಕೊಪ್ಪಳ, ಪುಲಿಗೆರೆ ಲಕ್ಷ್ಮೇಶ್ವರ, ಕಿಸುವೊಳಲು ಪಟ್ಟದಕಲ್ಲು. ಖರೀದಿ ಪತ್ರ ಬರೆಯುವವನ ಜಾಣತನ ಅದು. ಆಗ ಕೊಪ್ಪಳ ಒಂದು ಮೂಲೆಗಲ್ಲು. ನಮ್ಮ ಮಾತಿಗೆ ‘ಗಡಸು’ ಅನ್ನುವ ದಕ್ಷಿಣದ ಗೆಳೆಯರಿಗೆ ನಾನು ಇದನ್ನು ನೆನಪಿಸುವುದುಂಟು.

ಗಂಟಿನ ತಳದಲ್ಲಿ ಇನ್ನೊಂದು ಕಾಗದ ಇತ್ತು, ನಾಲ್ಕು ಮಡಿಕೆಯಲ್ಲಿ ಹರಿಯಲು ಕಾದದ್ದು. ಉರ್ದುವಿನದು. ನಮ್ಮ ಸೀಮೆ 1948ರ ತನಕ ನಿಜಾಮರದು. ಕೊಪ್ಪಳ ಸಾಲಾರ್ ಜಂಗರ ಜಾಗೀರು. ಕಚೇರಿಯ ಕಾಗದವೆಲ್ಲ ಉರ್ದು. ಅಜ್ಜ ಒಂಬತ್ತು ಎಕರೆ ಬರೆಸಿಕೊಂಡ ಕಾಗದವೇ ಅದು ಎಂದು ಕಾಕಾನಿಗೆ ಗೊತ್ತಿತ್ತು, ಒಳಗೇನಿದೆ ಎಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಎಪ್ಪತ್ತೈದು ವರ್ಷ ನಾವು ಓದಲು ಬಾರದ ಕಾಗದಕ್ಕೆ ದೀಪಾವಳಿಗೆ ಕುಂಕುಮ ಹಚ್ಚಿದ್ದೇವೆ. ಕುಷ್ಟಗಿಯಲ್ಲಿ ನನ್ನ ಜೊತೆ ಕೆಲಸ ಮಾಡಿದ ಉರ್ದು ಮಾಸ್ತರರ ಮನೆಗೆ ಅದನ್ನು ಒಯ್ದೆ. ಅವರು ಭೂತಗನ್ನಡಿ ಹಿಡಿದು, ತುಟಿ ಅಲ್ಲಾಡಿಸುತ್ತ ಓದಿದರು. ಒಂದೆಡೆ ನಿಂತು ನಕ್ಕರು. “ಸರ್, ನಿಮ್ಮ ಕಂಟಿಗ್ಯುವಸ್ ಇಲ್ಲೇ ಐತಿ ನೋಡ್ರಿ.”

ಮುತ್ತಸಿಲ್ ಎಂದಿತ್ತು. ಅರಬ್ಬಿಯ ಮಾತು, ಕೂಡಿಕೊಂಡ, ಹತ್ತಿಕೊಂಡ ಎಂದರ್ಥ. ಅದೇ ಬೇರಿನಿಂದಲೇ ವಸೂಲಿಯೂ ಬಂದಿದೆ ಎಂದು ಅವರೇ ಹೇಳಿದರು, ಬಂದು ಸೇರುವುದೇ ವಸೂಲು. ಒಂಬತ್ತು ಎಕರೆಯ ಉತ್ತರಕ್ಕೆ ಇಂಥವರ ನಾಲ್ಕು ಎಕರೆ, ಮುತ್ತಸಿಲ್. ಅದೇ ನಾಲ್ಕು ಎಕರೆಯನ್ನು 1963ರಲ್ಲಿ ಅಜ್ಜ ಕೊಂಡದ್ದು. ಅಂದರೆ ಆಗ ನಡುವೆ ದಾರಿ ಇರಲಿಲ್ಲ.

ಸಂಜೆ ಫೋನಿನಲ್ಲಿ ಹೇಳಿದಾಗ ಕಾಕಾ ಎಷ್ಟೋ ಹೊತ್ತು ಸುಮ್ಮನಿದ್ದ. ಆಮೇಲೆ ನೆನಪಿನಿಂದ ಎಳೆದೆಳೆದು ಹೇಳಿದ. ಎರಡೂ ಹೊಲ ನಮ್ಮವೇ ಆದ ಮೇಲೆ, ಒಂದು ಮುಂಗಾರಿಯಲ್ಲಿ ಹಳ್ಳ ಕೊರೆದು ಹಳೆಯ ದಾರಿ ಹೋಯಿತಂತೆ. ಹಿಂದಿನ ಎಂಟು ಮನೆಯವರ ಹೊಲಕ್ಕೆ ಬಂಡಿ ಹೋಗಲು ಜಾಗವಿಲ್ಲ. ಆ ವರ್ಷ ಅವರ ಜೋಳದ ರಾಶಿ ತಲೆಯ ಮೇಲೆ ಹೊತ್ತು ಊರಿಗೆ ಬಂತು. ಮರುವರ್ಷ ಅಜ್ಜ ಹರಗುವಾಗ ನಡುವೆ ಒಂದು ಬಂಡಿಯಗಲ ಬಿಟ್ಟ. ಕಾಗದ ಇಲ್ಲ, ಪಂಚರಿಲ್ಲ. ಬಿಟ್ಟ ಅಷ್ಟೇ.

ಕಂಪನಿಯ ಹುಡುಗನಿಗೆ ಮುತ್ತಸಿಲ್ ತೋರಿಸಿದೆ. ಒಳ್ಳೆಯ ಹುಡುಗ, ಇಂಜಿನಿಯರಿಂಗ್ ಓದಿದವನು. “ಸರ್, ಆಗ ಇತ್ರಿ, ಈಗ ಇಲ್ಲಲ್ರಿ” ಅಂದ. ದಾರಿಯನ್ನು ಹೊಲದ ಅಂಚಿಗೆ ಸರಿಸಿ, ಎಂಟು ಮನೆಯವರ ಒಪ್ಪಿಗೆ ಸಹಿ ತಂದರೆ ನೋಡಬಹುದು ಎಂದ. ಎಂಟರಲ್ಲಿ ಒಂದು ಮನೆ ಉತ್ತರದವನದು. ಕಾಕಾ “ಆತು, ನೋಡೂನು” ಅಂದ. ನಮ್ಮ ಕಡೆ ಅದರರ್ಥ ಇಲ್ಲ ಎಂದು.

ಮುಟ್ಟಿದ್ದು, ಮುಟ್ಟದ್ದು ಎಂದು ಒಮ್ಮೆ ಕಣ್ಣಿಗೆ ಬಿದ್ದರೆ ಜಿಲ್ಲೆಯೆಲ್ಲ ಹಾಗೆಯೇ ಕಾಣತೊಡಗುತ್ತದೆ. 1997ರಲ್ಲಿ ರಾಯಚೂರಿನಿಂದ ಬೇರೆಯಾದಾಗ ನಮಗೆ ಬಂದದ್ದು ನಾಲ್ಕು ತಾಲೂಕು: ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ. ಆಗಿನ ಗಂಗಾವತಿಗೂ ಕುಷ್ಟಗಿಗೂ ಗಡಿ ಒಂದೇ. ಆ ಗಡಿಯ ಒಂದು ಕಡೆ ಭತ್ತ, ಮೊಣಕಾಲುದ್ದ ನೀರು, ಅಕ್ಕಿ ಗಿರಣಿಗಳ ಚಿಮಣಿ, ಆಂಧ್ರದಿಂದ ಬಂದ ರೈತರ ಕ್ಯಾಂಪುಗಳು, ತೆಲುಗು ಬೆರೆತ ಕನ್ನಡ. ಇನ್ನೊಂದು ಕಡೆ ಸಜ್ಜೆ, ಹೆಸರು, ಕಡಲೆ, ಮುಗಿಲು ನೋಡುವ ಮಂದಿ. ಮಗ್ಗಲಲ್ಲೇ ಬಿದ್ದಿರುವ ಎರಡು ತಾಲೂಕು. ತುಂಗಭದ್ರೆಯ ಎಡದಂಡೆ ಕಾಲುವೆ ಇಳಿಜಾರು ಹಿಡಿದು ಗಂಗಾವತಿಯಿಂದ ಸಿಂಧನೂರು, ಮಾನ್ವಿಯ ಕಡೆ ಹೋಯಿತು. ನೀರು ಕುಷ್ಟಗಿಗೆ ಹತ್ತಲಿಲ್ಲ, ಎರಡೂ ಅರ್ಥದಲ್ಲಿ. ಚಿಕ್ಕಂದಿನಲ್ಲಿ ಗಂಗಾವತಿಯ ಬೀಗರು ಬಂದರೆ ನಮ್ಮವ್ವ ಅನ್ನ ಮಾಡುತ್ತಿದ್ದಳು; ಅವರು ಪಾಪ ರೊಟ್ಟಿಗೆ ಆಸೆಪಟ್ಟು ಬಂದಿರುತ್ತಿದ್ದರು.

ಆ ಕಾಲುವೆ ಹೊರಡುವ ಅಣೆಕಟ್ಟು ಮಾತ್ರ ಮುಟ್ಟಿದ್ದರ ಒಂದು ದೊಡ್ಡ ಉದಾಹರಣೆ. ಹೊಳೆಯ ಆಚೆ ದಡ ಮದ್ರಾಸ್ ಪ್ರಾಂತ್ಯ, ಈಚೆ ದಡ ಹೈದರಾಬಾದು ಸಂಸ್ಥಾನ. ಎಷ್ಟೋ ವರ್ಷ ಮಾತುಕತೆಯಾಗಿ 1945ರ ಫೆಬ್ರುವರಿ 28ರಂದು ಎರಡೂ ದಡದಲ್ಲಿ ಬೇರೆ ಬೇರೆ ಅಡಿಗಲ್ಲು ಬಿದ್ದವು. ಅಲ್ಲಿ ಮದ್ರಾಸಿನ ಗವರ್ನರ್, ಇಲ್ಲಿ ನಿಜಾಮರ ಕಡೆಯಿಂದ ಬೇರಾರಿನ ರಾಜಕುಮಾರ. ಇಬ್ಬರೂ ತಮ್ಮ ತಮ್ಮ ಬದಿಯಿಂದ ಕಟ್ಟುತ್ತ ನಡು ಹೊಳೆಗೆ ಬರಬೇಕು. ಬರುವುದರೊಳಗೆ ದೇಶಕ್ಕೆ ಸ್ವಾತಂತ್ರ್ಯ ಬಂತು, ನಿಜಾಮರ ಆಳ್ವಿಕೆ ಹೋಯಿತು, ಗೋಡೆ ಮಾತ್ರ ಬಂದು ಕೂಡಿತು. ಮುನಿರಾಬಾದಿನ ಕಡೆಯಿಂದ ಅದನ್ನು ನೋಡುವಾಗ ಎಲ್ಲಿ ಕೂಡಿದೆ ಎಂದು ಹುಡುಕುವುದು ನನಗೊಂದು ಚಟ. ಕಾಣುವುದಿಲ್ಲ.

ರೋಮನ್ನರ ಬಳಿ ಮಗ್ಗಲನ್ನು ಹೇಳುವ ಮೂರನೆಯ ಗುಣವಾಚಕವೂ ಇತ್ತು, ಇಂಗ್ಲಿಷಿಗೆ ಅದು ಕಂಟರ್ಮಿನಸ್ ಎಂದು ಬಂದಿದೆ. ಒಂದೇ ಗಡಿಕಲ್ಲಿನವರು ಎಂದರ್ಥ. ಅವರಿಗೆ ಗಡಿಕಲ್ಲು ಬರೀ ಕಲ್ಲಲ್ಲ, ಟರ್ಮಿನಸ್ ಎಂಬ ದೇವರು. ಬಸ್ಸಿನ ಟರ್ಮಿನಸ್ ಅವನ ಹೆಸರಿನದೇ. ರೋಮಿನ ಗುಡ್ಡದ ಮೇಲೆ ಜುಪಿಟರಿಗೆ ಗುಡಿ ಕಟ್ಟುವಾಗ ಅಲ್ಲಿದ್ದ ದೇವರುಗಳೆಲ್ಲ ಎದ್ದು ಜಾಗ ಬಿಟ್ಟರಂತೆ, ಟರ್ಮಿನಸ್ ಸರಿಯಲಿಲ್ಲ. ಕೊನೆಗೆ ಅವನನ್ನು ಅಲ್ಲೇ ಬಿಟ್ಟು, ಅವನಿಗೆ ಮುಗಿಲು ಕಾಣಲೆಂದು ಚಾವಣಿಯಲ್ಲಿ ಕಿಂಡಿ ಬಿಟ್ಟು ಗುಡಿ ಕಟ್ಟಿದರು. ಕಾಕಾನಿಗೆ ಈ ಕಥೆ ಭಾಳ ಹಿಡಿಸಿತು. ಫೆಬ್ರುವರಿ 23ಕ್ಕೆ ಆ ದೇವರ ಹಬ್ಬ. ಆ ದಿನ ಬದುವಿನ ಎರಡೂ ಕಡೆಯ ರೈತರು ಬಂದು, ತಮ್ಮ ತಮ್ಮ ಬದಿಯಿಂದ ಕಲ್ಲಿಗೆ ಹೂವಿನ ಸರ ಹಾಕಿ, ಕಾಳು, ಜೇನು ಅರ್ಪಿಸುತ್ತಿದ್ದರು ಎಂದು ಓವಿಡ್ ಕವಿ ವರ್ಣಿಸಿದ್ದಾನೆ. ನಮ್ಮ ಸೀಮೆಯ ಹೊಲಗಳಲ್ಲೂ ಲಿಂಗಮುದ್ರೆಯ ಕಲ್ಲು, ಮುಕ್ಕೊಡೆಯ ಕಲ್ಲು ಸಿಗುತ್ತವೆ. ಶಿವನ ಗುಡಿಗೆ, ಜಿನನ ಬಸದಿಗೆ ಬಿಟ್ಟ ನೆಲದ ಗಡಿಕಲ್ಲುಗಳು. ಈಗ ಅವುಗಳ ಮೇಲೆ ಎತ್ತು ಮೈ ತಿಕ್ಕುತ್ತವೆ.

“ನಮ್ಮ ಎಳ್ಳಮಾಸಿ ಹಂಗ ಅಂತೀ?” ಅಂದ ಕಾಕಾ.

ಎಳ್ಳಮಾಸಿಗೆ ಹೋದೆ. ಬಿಳಿಜೋಳ ಎದೆಯುದ್ದ, ಕಡಲೆ ಹೂ ಬಿಟ್ಟಿತ್ತು. ಬಂಡಿದಾರಿಯ ಮಗ್ಗಲಲ್ಲಿ ಬನ್ನಿಮರದ ಕೆಳಗೆ ಐದು ಕಲ್ಲಿಟ್ಟು ಸುಣ್ಣ ಹಚ್ಚಿದ್ದರು. ಬುಟ್ಟಿಗಳಲ್ಲಿ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಲೆ, ಕಡುಬು, ಶೇಂಗಾ ಹೋಳಿಗೆ, ಮೊಸರು ಕಲಸಿದ ಜೋಳದ ಬಾನ. ಕಾಕಾ ಎಲ್ಲವನ್ನೂ ಒಂದು ಪರಾತದಲ್ಲಿ ಕಲಸಿ ಚರಗ ಮಾಡಿದ, ಹೊಲದ ಸುತ್ತ ಒಗೆಯುತ್ತ ಹೊರಟ. ಹಿಂದೆ ತಂಬಿಗೆ ನೀರು ಹಿಡಿದು ನಾನು. ಪ್ರತಿ ವರ್ಷ ಒಂಬತ್ತು ಎಕರೆಗೆ ಒಂದು ಸುತ್ತು, ನಾಲ್ಕು ಎಕರೆಗೆ ಇನ್ನೊಂದು ಸುತ್ತು ಹಾಕುತ್ತಿದ್ದವ ಈ ಸಲ ದಾರಿ ಬಂದಲ್ಲಿ ತಿರುಗಲಿಲ್ಲ. ದಾಟಿದ. ಎರಡೂ ಹೊಲ ಸೇರಿ ಒಂದೇ ಸುತ್ತು. ಎಂಬತ್ತರ ಕಾಲು, ಎರಡು ಸುತ್ತು ಆಗುವುದಿಲ್ಲ ಎಂದೂ ಇರಬಹುದು.

ಮರಳಿ ದಾರಿಗೆ ಬರುವಾಗ ಎದುರಿಗೆ ಟ್ರ್ಯಾಕ್ಟರ್. ಉತ್ತರದವನದು. ಟ್ರೇಲರಿನಲ್ಲಿ ಅವನ ಹೆಂಡತಿ ಮಕ್ಕಳು, ಬುಟ್ಟಿಗಳು, ಹೊಸ ಸೀರೆಗಳು. ಅವರೂ ತಮ್ಮ ಹೊಲಕ್ಕೆ ಚರಗಕ್ಕೇ ಹೊರಟವರು. ಕಾಕಾನಿಗೆ ಕಣ್ಣು ಮಂಜು, ಕಿವಿಯೂ ಅಷ್ಟಕ್ಕಷ್ಟೆ. ನೋಡದೆ ಒಂದು ಮುಷ್ಟಿ ಎತ್ತಿ ಒಗೆದ. ಬಾನ, ಕಡುಬಿನ ಚೂರು, ಪುಂಡಿಪಲ್ಲೆ ಎಲ್ಲ ಟ್ರ್ಯಾಕ್ಟರಿನ ಕೆಂಪು ಬಾನೆಟ್ಟಿನ ಮೇಲೆ ಬಿದ್ದವು. ಟ್ರೇಲರಿನ ಹುಡುಗರು ಕಿಸಕ್ಕನೆ ನಕ್ಕರು.

ಆತ ಎಂಜಿನ್ ಬಂದ್ ಮಾಡಿ, ಇಳಿಯದೆ, ಕೆಳಗೆ ಬಾಗಿ ಕೇಳಿದ: “ಕಾಕಾ, ಈಗಿದು ಯಾರ ಕಡೆ ಬಿದ್ದಂಗಾತು?”

“ದಾರಿಮ್ಯಾಲ ಬಿದ್ದೈತಿ. ಸಾವಕಾಶ ಹೋಗು, ಹುಡುಗ್ರದಾವು” ಅಂದ ಕಾಕಾ, ಪರಾತ ಎದೆಗೊತ್ತಿಕೊಂಡು ಜೋಳದ ಸಾಲಿನೊಳಗೆ ಸರಿದು ನಿಂತ.